ನಿಂತ ಗಾಲಿಯ ವಿಚಾರ

ವಸ್ತುವನ್ನು ಕಾಪಾಡುವುದೆಂದರೇನು? ಅದನ್ನು ಮುಟ್ಟದೆ ಇಡುವುದೇ, ಅಥವಾ ಯಾವ ಕಾರ್ಯಕ್ಕಾಗಿ ಅದು ಹುಟ್ಟಿತೋ ಆ ಕಾರ್ಯದಲ್ಲಿಯೇ ತೊಡಗಿಸುವುದೇ? ಪ್ರಶ್ನೆಯು ಮೇಲ್ನೋಟಕ್ಕೆ ಸಣ್ಣದಾಗಿ ಕಾಣುತ್ತದೆ. ಆದರೆ ಹಿರಿಯರು ಬಿಟ್ಟುಹೋದ ಒಂದಿಲ್ಲೊಂದು ವಸ್ತುವು ಪ್ರತಿಯೊಬ್ಬ ಗೃಹಸ್ಥನ ಮನೆಯಲ್ಲಿಯೂ ಇದ್ದೇ ಇರುವುದರಿಂದ, ಇದು ಎಲ್ಲರೂ ವಿಚಾರಿಸತಕ್ಕ ಪ್ರಶ್ನೆಯೇ ಆಗಿದೆ.

ಕೊಟ್ಟೂರಿನಂತಹ ಊರಿನ ಒಂದು ಮನೆಯನ್ನು ಭಾವಿಸಬಹುದು. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದುಕೊಂಡು ಒಂದು ಜಾವಾ ಮೋಟಾರು ಸೈಕಲ್ಲು ಮೂವತ್ತು ವರ್ಷಗಳಿಂದ ನಿಂತಿದೆ. ಮನೆಯ ಯಜಮಾನರು ಒಂದು ಕಾಲದಲ್ಲಿ ಶೇಂಗಾ ವ್ಯಾಪಾರಕ್ಕಾಗಿ ಅದರ ಮೇಲೆ ಕೂಡ್ಲಿಗಿಗೂ ಹರಪನಹಳ್ಳಿಗೂ ಹೋಗಿ ಬರುತ್ತಿದ್ದರು. ಅವರು ಲಿಂಗೈಕ್ಯರಾದ ಮೇಲೆ ಮಕ್ಕಳಿಗೆ ಅದನ್ನು ಮಾರಲು ಮನಸ್ಸು ಬರಲಿಲ್ಲ; ಏರಲು ಧೈರ್ಯವೂ ಬರಲಿಲ್ಲ. ‘ಅಪ್ಪನ ಗಾಡಿ’ ಎಂಬ ಮಾತಿನಿಂದ ಅದಕ್ಕೆ ಪೂಜ್ಯತೆ ಬಂದಿತು. ಆ ಪೂಜ್ಯತೆಯ ನೆರಳಿನಲ್ಲಿಯೇ ಅದಕ್ಕೆ ತುಕ್ಕು ಹಿಡಿಯಿತು.

ಈ ವಾಹನದ ಹುಟ್ಟನ್ನು ಸ್ವಲ್ಪ ನೋಡಬೇಕು. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಯಂತ್ರಶಿಲ್ಪಿಯು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ಲಿನ ವಿನ್ಯಾಸವನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ‘ಜಾವಾ’ ಎಂದು ಹೆಸರಿಟ್ಟನು. ಮುಂದೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ತಲೆಯೆತ್ತಿತು. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ವಾಹನದ ಹೆಸರು ಎಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆಯು ಬಾಗಿಲು ಮುಚ್ಚಿತು. ಆದ್ದರಿಂದ ಕೊಟ್ಟಿಗೆಯಲ್ಲಿ ನಿಂತಿರುವುದು ಒಬ್ಬ ತಂದೆಯ ನೆನಪಷ್ಟೇ ಆಗಿರುವುದಿಲ್ಲ. ಹೆಸರು ತಿಳಿಯದ ಅನೇಕ ಕಾರ್ಮಿಕರ ಬೆವರೂ ಅದರೊಳಗೆ ಇದೆ. ಅವರ ಕಾಯಕವು ಸಾರ್ಥಕವಾಗುವುದು ಗಾಲಿಯು ತಿರುಗಿದಾಗ.

ಬಳಸಿದ ವಸ್ತು ಸವೆಯುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಬಳಸದ ವಸ್ತುವೂ ಸವೆಯುತ್ತದೆ ಎಂಬುದನ್ನು ಬಲ್ಲವರು ಕಡಿಮೆ. ನಿಂತ ಬಂಡಿಯ ತೊಟ್ಟಿಯಲ್ಲಿ ಉಳಿದ ಪೆಟ್ರೋಲು ಆರಿ ಅಂಟಾಗಿ, ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ತೊಟ್ಟಿಯ ಒಳಮೈ ತುಕ್ಕಾಗಿ ಉದುರುತ್ತದೆ. ರಬ್ಬರಿನ ಸೀಲುಗಳು ಒಣಗಿ ಬಿರಿಯುತ್ತವೆ. ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತವೆ. ಯಾರೂ ಕೈಮಾಡಿ ಕೆಡಿಸಲಿಲ್ಲ. ಯಾರೂ ಕೈಯಿಡದುದರಿಂದಲೇ ಕೆಟ್ಟಿತು. ಶರಣರು ಸ್ಥಾವರ, ಜಂಗಮ ಎಂದು ಎರಡನ್ನು ವಿಂಗಡಿಸಿ ಜಂಗಮವನ್ನು ಎತ್ತಿಹಿಡಿದುದರ ಮರ್ಮವನ್ನು ಈ ಸಾಮಾನ್ಯ ಯಂತ್ರದಲ್ಲಿಯೂ ಕಾಣಬಹುದಾಗಿದೆ.

ಇನ್ನು ಅದನ್ನು ಮರಳಿ ನಡೆಸುವ ಬಗೆ. ಅವಸರದ ಮಗನು ಮೊದಲ ದಿನವೇ ಕಿಕ್ಕನ್ನು ಬಲವಾಗಿ ಒದೆಯುತ್ತಾನೆ. ಕಚ್ಚಿಕೊಂಡ ಉಂಗುರ ಮುರಿಯುತ್ತದೆ. ಆಡಂಬರದ ಮಗನು ಮೊದಲು ಬಣ್ಣ ಹೊಡೆಸಿ, ನಿಕ್ಕಲ್ ಮಾಡಿಸುತ್ತಾನೆ. ಬಂಡಿ ಹೊಳೆಯುತ್ತದೆ, ನಡೆಯುವುದಿಲ್ಲ. ಅನುಭವಿಯಾದ ಮೆಕ್ಯಾನಿಕ್ಕನು ಮಾಡುವ ಕ್ರಮವೇ ಬೇರೆ. ಅವನು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಿಂದ ಎಣ್ಣೆಯನ್ನು ಎರೆದು ಕೆಲವು ದಿನ ಕಾಯುತ್ತಾನೆ. ಬಳಿಕ ಗೇರು ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಆಡಿಸುತ್ತಾನೆ. ತೊಟ್ಟಿಯೊಳಗೆ ಸೀಮೆಎಣ್ಣೆ, ಸಣ್ಣ ಜಲ್ಲಿ ಹಾಕಿ ಕುಲುಕಿ ತುಕ್ಕನ್ನು ತೆಗೆಯುತ್ತಾನೆ. ಒಣಗಿದ ಸೀಲುಗಳನ್ನು ಬದಲಿಸುತ್ತಾನೆ; ಏಕೆಂದರೆ ಈ ಬಗೆಯ ಎರಡು ಹೊಡೆತದ ಇಂಜಿನಿನಲ್ಲಿ ಒಳಗೆ ಗಾಳಿ ಸೋರಿದರೆ ಉಸಿರೇ ನಿಲ್ಲುತ್ತದೆ. ಅರ್ಧ ಮಿಲಿಮೀಟರಿಗೂ ಕಡಿಮೆಯಿರುವ ಪಾಯಿಂಟಿನ ಅಂತರವನ್ನು ಸರಿಪಡಿಸುತ್ತಾನೆ. ಪ್ರತಿ ಲೀಟರು ಪೆಟ್ರೋಲಿಗೆ ಸುಮಾರು 40 ಮಿಲಿಲೀಟರು ಎಣ್ಣೆಯನ್ನು ಬೆರೆಸುತ್ತಾನೆ. ಬಣ್ಣದ ಮಾತು ಎಲ್ಲಕ್ಕೂ ಕೊನೆಯದು. ಅಂತರಂಗ ಶುದ್ಧಿಯಿಲ್ಲದ ಬಹಿರಂಗ ಶುದ್ಧಿಯನ್ನು ಯಂತ್ರವೂ ಒಪ್ಪುವುದಿಲ್ಲ.

ಇಲ್ಲಿ ಒಂದು ಸಂದೇಹವು ಏಳುತ್ತದೆ. ಉಂಗುರ ಹೊಸದು, ಸೀಲು ಹೊಸದು, ತಂತಿ ಹೊಸದು, ಟೈರು ಹೊಸದು. ಹೀಗಿರುವಲ್ಲಿ ಅದು ಅಪ್ಪನ ಗಾಡಿಯೇ? ಉತ್ತರಕ್ಕೆ ಕೊಟ್ಟೂರಿನವರು ದೂರ ಹೋಗಬೇಕಾಗಿಲ್ಲ. 2017ರ ಫೆಬ್ರವರಿಯಲ್ಲಿ ಶ್ರೀ ಕೊಟ್ಟೂರೇಶ್ವರರ ರಥೋತ್ಸವದ ಸಮಯದಲ್ಲಿ ಅಚ್ಚು ಮುರಿದು ತೇರು ನೆಲಕ್ಕುರುಳಿತು. ಊರು ನೊಂದಿತು. ಬಳಿಕ ಹೊಸ ಮರದಿಂದ ಹೊಸ ತೇರು ಸಿದ್ಧವಾಯಿತು. ಮರ ಬೇರೆ, ಗಾಲಿ ಬೇರೆ. ಆದರೂ ಹಗ್ಗಕ್ಕೆ ಕೈಹಚ್ಚಿದ ಭಕ್ತನಿಗೆ ಅದು ಕೊಟ್ಟೂರಯ್ಯನ ತೇರೇ. ತೇರನ್ನು ತೇರನ್ನಾಗಿ ಮಾಡುವುದು ಅದನ್ನು ಎಳೆಯುವ ಜನ, ಅದು ಸಾಗುವ ಬೀದಿ. ಹಾಗೆಯೇ ತಂದೆಯು ಯಾವ ಶ್ರದ್ಧೆಯಿಂದ ಆ ಬಂಡಿಯನ್ನು ದುಡಿಸಿದನೋ ಆ ಶ್ರದ್ಧೆಯು ಮುಂದುವರಿದರೆ ಅದು ತಂದೆಯ ಬಂಡಿಯೇ ಹೌದು. ಶ್ರದ್ಧೆಯು ಅಳಿದರೆ, ಒಂದು ಮೊಳೆಯನ್ನೂ ಬದಲಿಸದಿದ್ದರೂ ಅದು ಬರಿಯ ಕಬ್ಬಿಣ.

ಎರಡನೆಯ ಸಂದೇಹವು ಇನ್ನೂ ಕಠಿಣವಾದುದು. ಇದೆಲ್ಲವೂ ಮೋಹವಲ್ಲವೇ? ಹಳೆಯ ಬಂಡಿಗೆ ಈಗ ಬೆಲೆ ಬಂದಿದೆ. ಅದನ್ನು ತೋರಿಸಿ ಮೆರೆಯುವವರೂ ಇದ್ದಾರೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಹೆಚ್ಚಾದುದನ್ನು ಹಿಂದಕ್ಕೆ ಕೊಟ್ಟು ಬರುವಂತೆ ಹೇಳಿದ ಕಥೆಯು ಸರ್ವವಿದಿತವಾಗಿದೆ. ಆ ಮಹಾತಾಯಿಯು ಇಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತರೆ, ಬಂಡಿ ಎಷ್ಟು ಹಳೆಯದೆಂದು ಕೇಳುವುದಿಲ್ಲ. ಇದರಿಂದ ಯಾರ ಕೆಲಸ ನಡೆಯುತ್ತಿದೆ ಎಂದು ಕೇಳುತ್ತಾಳೆ. 2021ರಲ್ಲಿ ಕೇಂದ್ರ ಸರಕಾರವು 50 ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮವನ್ನು ತಂದಿತು. ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ ಮುಂತಾದವುಗಳಿಗೆ ಒಯ್ಯಬಹುದು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಚರಿತ್ರೆಯನ್ನು ಉಳಿಸಲು ಅದೂ ಬೇಕಾದುದೇ. ಆದರೆ ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳಬೇಕು: ಗೋಣಿತಾಟಿನ ಕೆಳಗಿನ ಸ್ಥಾವರವನ್ನು ತೆಗೆದು ಗಾಜಿನ ಹಿಂದಿನ ಸ್ಥಾವರವನ್ನು ಮಾಡಿದೆನೇ? ಮರಳಿ ನಡೆಸುವುದಾದರೂ ನೋಂದಣಿಯನ್ನು ನವೀಕರಿಸಿ, ವಿಮೆ ಮಾಡಿಸಿ, ನೆರೆಯವರ ಮುಖಕ್ಕೆ ಹೊಗೆ ಕವಿಯದಂತೆ ಇಂಜಿನನ್ನು ಹದದಲ್ಲಿಟ್ಟು ನಡೆಸತಕ್ಕದ್ದು. ತನ್ನ ನೆನಪಿಗಾಗಿ ಪರರ ಉಸಿರನ್ನು ಕೆಡಿಸುವುದು ಸದಾಚಾರವೆನಿಸದು.

ಎಲ್ಲರಿಗೂ ಇದು ಸಾಧ್ಯವಾಗಲಾರದು. ಹಣವಿಲ್ಲದವರು, ಸಮಯವಿಲ್ಲದವರು, ಕೈಗೆ ಆ ಕಲೆ ಒಗ್ಗದವರು ಇರುತ್ತಾರೆ. ಅಂಥವರು ಅದನ್ನು ದುಡಿಸಬಲ್ಲವನಿಗೆ ಒಪ್ಪಿಸುವುದು ತಂದೆಗೆ ಮಾಡಿದ ಅಪಚಾರವೆಂದು ಅಂಜಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ಕೊಳೆಯುವುದಕ್ಕಿಂತ ಒಬ್ಬ ಬಡ ಮೆಕ್ಯಾನಿಕ್ಕನ ಕೈಯಲ್ಲಿ ಅದು ಓಡಾಡುವುದು ತಂದೆಯ ಹೆಸರಿಗೆ ಹೆಚ್ಚಿನ ಗೌರವ. ಮನೆಯಲ್ಲಿರುವ ವಸ್ತುವಿಗೆ ಗೃಹಸ್ಥನು ಒಡೆಯನಲ್ಲ, ಕೆಲಕಾಲದ ಕಾವಲುಗಾರ. ಇದನ್ನು ಅರಿತವನಿಗೆ ಇಟ್ಟುಕೊಳ್ಳುವುದೂ ಕೊಡುವುದೂ ಎರಡೂ ಹಗುರ.

ಹೀಗೆ ವಿಚಾರಿಸಿದರೆ, ಮೂವತ್ತು ವರ್ಷಗಳ ಬಳಿಕ ಇಂಜಿನು ಮತ್ತೆ ಸದ್ದು ಮಾಡಿದಾಗ ಮನೆಯವರ ಕಣ್ಣಲ್ಲಿ ಬರುವ ನೀರನ್ನು ಮೋಹವೆಂದು ಜರೆಯಬೇಕಾಗಿಲ್ಲ. ಆ ನೀರು ಆರಿದ ಮೇಲೆ ಮಗನು ಅದರ ಮೇಲೆ ಯಾವ ಕೆಲಸಕ್ಕೆ ಹೊರಡುತ್ತಾನೆ ಎಂಬುದನ್ನು ಮಾತ್ರ ನೋಡಬೇಕು.