ತುತ್ತೂರಿಯ ಲೆಕ್ಕ

ಹವ್ಯಾಸ ಎಂಬ ಮಾತನ್ನು ನಾವು ತೀರ ಹಗುರವಾಗಿ ಬಳಸುತ್ತೇವೆ. ಹೆಣ್ಣು ನೋಡಲು ಬಂದವರು "ಹುಡುಗಿಗೆ ಏನೇನು ಹವ್ಯಾಸ?" ಎಂದು ಕೇಳುವ ಕಾಲದಿಂದಲೂ ನಮ್ಮ ಬಳಿ ಉತ್ತರ ಸಿದ್ಧವಾಗಿರುತ್ತದೆ. ಕಸೂತಿ, ರಂಗೋಲಿ, ನಾಲ್ಕು ದೇವರನಾಮ. ಇವೆಲ್ಲ ಮನೆಗೆ ಒದಗಿಬರುವ ಹವ್ಯಾಸಗಳು. ಕಸೂತಿ ದಿಂಬಿನ ಮೇಲೆ ಕೂರುತ್ತದೆ, ರಂಗೋಲಿ ಬಾಗಿಲಿಗೆ ಲಕ್ಷಣ, ದೇವರನಾಮ ಗೌರಿಹಬ್ಬಕ್ಕೆ ಬೇಕು. ಆದರೆ ಮನೆಗೆ ಯಾವ ಉಪಯೋಗವೂ ಇಲ್ಲದ, ನಾಲ್ಕು ಮನೆಯಾಚೆಗೂ ಕೇಳಿಸುವ, ಎಷ್ಟು ವರ್ಷ ಮಾಡಿದರೂ ಪೂರ್ತಿ ಕೈವಶವಾಗದ ಹವ್ಯಾಸವೊಂದು ಗೃಹಿಣಿಗೆ ಅಂಟಿಕೊಂಡರೆ? ಅದು ಸರಿಯೇ, ತಪ್ಪೇ?

ನನಗೆ ಅಂಟಿಕೊಂಡದ್ದು ಟ್ರಂಪೆಟ್. ಅಚ್ಚ ಕನ್ನಡದಲ್ಲಿ ತುತ್ತೂರಿ. ಈ ಹೆಸರೇ ಒಂದು ತೊಡಕು ನೋಡಿ. ನಮ್ಮಲ್ಲಿ ತುತ್ತೂರಿ ಊದುವುದೆಂದರೆ ಜಂಬ ಕೊಚ್ಚುವುದು ಎಂದೇ ಅರ್ಥ. ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯದ ಕಸ್ತೂರಿಯನ್ನು ಯಾರು ಮರೆತಾರು? ತನಗೊಬ್ಬನಿಗೇ ತುತ್ತೂರಿ ಇದೆಯೆಂದು ಬೀಗಿ, ಕೊನೆಗೆ ಅದನ್ನು ನೀರಿಗೆ ಬೀಳಿಸಿಕೊಂಡವನು ಅವನು. ನಾನು ಈ ವಾದ್ಯ ಕೊಂಡ ಸುದ್ದಿ ಹರಡಿದಾಗ ನೆಂಟರಿಷ್ಟರು ಮೊದಲು ನೆನೆದದ್ದೇ ಆ ಹುಡುಗನನ್ನು. "ಹೆಂಗಸರು ಊದುವ ವಾದ್ಯವೇ ಇದು?" ಎಂದವರೂ ಉಂಟು. ಅಮೆರಿಕದಲ್ಲಿ ವಲೈಡಾ ಸ್ನೋ ಎಂಬ ಕರಿಯ ಹೆಣ್ಣುಮಗಳು ಟ್ರಂಪೆಟ್ಟಿನಲ್ಲೇ ದೇಶವಿದೇಶ ಸುತ್ತಿ ಹೆಸರು ಮಾಡಿ 1956ರಲ್ಲೇ ತೀರಿಕೊಂಡಳು ಎಂಬುದು ನನಗಾಗ ತಿಳಿದಿರಲಿಲ್ಲ. ತಿಳಿದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ.

ನಮ್ಮದು ಮೈಸೂರು. ಇಲ್ಲಿ ಬೆಳೆದವರ ಕಿವಿಗೆ ಹಿತ್ತಾಳೆ ವಾದ್ಯದ ದನಿ ಹೊಸದಲ್ಲ. ದಸರೆಯಲ್ಲಿ ಅರಮನೆಯ ಮುಂದೆ ಪೊಲೀಸ್ ಬ್ಯಾಂಡ್ ಕೇಳುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಹುಡುಗನಾಗಿದ್ದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದೂ ಈ ಊರಿನ ಅರಮನೆಯ ಬ್ಯಾಂಡ್ ಕೇಳಿಯೇ ಅಲ್ಲವೇ? ಅವರು ಸೋತು ಗೆದ್ದರು. ನಾನು ಸೋತವಳು ಸೋತಲ್ಲೇ ಇದ್ದೇನೆ. 2008ರಲ್ಲಿ ಮಗಳು ಎಂಜಿನಿಯರಿಂಗ್ ಓದಲು ಹಾಸ್ಟೆಲಿಗೆ ಹೋದಳು. ಸಂಜೆಯ ಹೊತ್ತು ಮನೆ ಬಿಕೋ ಎನ್ನತೊಡಗಿತು. ಎರಡು ಬೀದಿ ಆಚೆ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಮೇಷ್ಟ್ರೊಬ್ಬರಿದ್ದರು. ಹೋಗಿ ಕೇಳಿದೆ. ನನಗಾಗ 42 ವರ್ಷ. ಅವರು ನನ್ನ ಹಲ್ಲು ನೋಡಿದರು, ತುಟಿ ನೋಡಿದರು, "ಬನ್ನಿ ಅಮ್ಮ" ಎಂದರು.

ವೀಣೆಗೆ 24 ಮೆಟ್ಟಿಲು. ಟ್ರಂಪೆಟ್ಟಿಗೆ ಮೂರೇ ಗುಂಡಿ. ಸುಲಭವಾಗಿರಬೇಕು ಅಂದುಕೊಳ್ಳುತ್ತೀರಿ. ಗುಂಡಿ ಒತ್ತಿದರೆ ಉಸಿರು ಹೋಗುವ ಕೊಳವೆಯ ದಾರಿ ಸ್ವಲ್ಪ ಉದ್ದವಾಗುತ್ತದೆ, ಸ್ವರ ತಗ್ಗುತ್ತದೆ. ಗುಂಡಿಯ ಕೆಲಸ ಅಷ್ಟೇ. ಒಂದೇ ಗುಂಡಿ ಒತ್ತಿ ಹಿಡಿದು ಐದಾರು ಸ್ವರ ತೆಗೆಯಬೇಕು, ಆ ಕೆಲಸ ತುಟಿಯದು. ಮೇಷ್ಟ್ರು ಮೊದಲ ಹದಿನೈದು ದಿನ ವಾದ್ಯವನ್ನೇ ಕೈಗೆ ಕೊಡಲಿಲ್ಲ. ಬರೀ ಮೌತ್‌ಪೀಸ್ ಕೊಟ್ಟು ದುಂಬಿಯ ಹಾಗೆ ತುಟಿ ಝೇಂಕರಿಸಲು ಹೇಳಿದರು. ಆಮೇಲೆ ತಿಂಗಳುಗಟ್ಟಲೆ ಒಂದೇ ಸ್ವರವನ್ನು ಉಸಿರಿರುವಷ್ಟು ಹೊತ್ತು ಎಳೆಯುವುದು. ಕೆನ್ನೆ ಉಬ್ಬಬಾರದು, ಭುಜ ಏರಬಾರದು, ಉಸಿರು ಹೊಟ್ಟೆಯಿಂದ ಬರಬೇಕು.

ಈ ವಾದ್ಯದಲ್ಲಿ ಕೂಡಿಡುವುದು ಎಂಬುದಿಲ್ಲ. ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಮಾಡಿ ವರ್ಷವಿಡೀ ಕರಿದು ತಿನ್ನಬಹುದು. ಅಭ್ಯಾಸವನ್ನು ಹಾಗೆ ಡಬ್ಬಿಯಲ್ಲಿ ತುಂಬಿಡಲಾಗದು. ತುಟಿಯ ಸ್ನಾಯು ವಾರ ಬಿಟ್ಟರೆ ಸೋಮಾರಿಯಾಗುತ್ತದೆ. ಭಾನುವಾರ ಮೂರು ಗಂಟೆ ಊದಿದರೆ ತುಟಿ ಬಾತುಕೊಳ್ಳುತ್ತದೆಯೇ ಹೊರತು ಆರು ದಿನದ ಬಾಕಿ ತೀರುವುದಿಲ್ಲ. ದಿನಾ ಅರ್ಧ ಗಂಟೆ ಬೇಕು.

ಮೊದಲ ವಾದ್ಯ ಮೀರತ್‌ನದು. ದೇಶದ ಎಷ್ಟೋ ಬ್ಯಾಂಡ್‌ಸೆಟ್ಟುಗಳಿಗೆ ವಾದ್ಯ ಬರುವುದು ಅಲ್ಲಿನ ಜಾಲಿ ಕೋಠಿ ಎಂಬ ಕೇರಿಯಿಂದ. ಅದು ಮನೆಗೆ ಬಂದ ದಿನವೇ ನಮ್ಮ ಅತ್ತೆಯವರು ಹುಣಸೆಹಣ್ಣು ನೆನೆಹಾಕಿದ್ದರು. "ಹಿತ್ತಾಳೆ ಅಂದಮೇಲೆ ಉಜ್ಜಬೇಡವೇನೇ?" ಎಂದರು. ಇದರ ಮೇಲೆ ಮೆರುಗೆಣ್ಣೆಯ ಪದರವಿದೆ, ಹುಳಿ ಬಿದ್ದರೆ ಹಾಳು ಎಂದು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಎರಡನೆಯ ರಗಳೆ ನೀರಿನದು. ಊದುತ್ತ ಹೋದಂತೆ ಕೊಳವೆಯಲ್ಲಿ ನೀರು ಕೂಡುತ್ತದೆ. ಪುಟ್ಟ ಕೀಲಿಯೊಂದನ್ನು ಒತ್ತಿ ಅದನ್ನು ಹೊರಬಿಡಬೇಕು. "ನಡುಮನೆಯಲ್ಲಿ ಎಂಜಲು!" ಎಂದು ಅತ್ತೆಯವರು ಹೌಹಾರಿದರು. ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುತ್ತದಲ್ಲ, ಹೆಚ್ಚುಪಾಲು ಅಂಥದೇ ನೀರು, ಉಸಿರಿನ ಹಬೆ ತಣಿದದ್ದು ಎಂದು ವಿವರಿಸಿದೆ. ಮುಚ್ಚಳದ ಉಪಮೆ ಅವರಿಗೆ ಒಪ್ಪಿಗೆಯಾಯಿತು. ಆದರೂ ಹಳೆಯ ಟವೆಲೊಂದನ್ನು ತಂದು ನನ್ನ ಕಾಲ ಬಳಿ ಹಾಸಿದರು. ಆ ಟವೆಲು ಇಂದಿಗೂ ಇದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ನನ್ನ ಈ ಸಂತೋಷಕ್ಕೆ ಬೆಲೆ ತೆರುತ್ತಿರುವವರು ಯಾರು? ವಾದ್ಯದ ದುಡ್ಡಿನ ಮಾತಲ್ಲ ನಾನು ಹೇಳುತ್ತಿರುವುದು. ಅದು ನನ್ನ ಹೊಲಿಗೆಯ ಸಂಪಾದನೆಯಿಂದ ಹೋಯಿತು. ಬೇರೆ ಬಾಕಿಗಳಿವೆ.

ಮೊದಲನೆಯದು ನೆರೆಹೊರೆಯವರ ಕಿವಿ. ಪಕ್ಕದ ಮನೆಯ ಮಿಕ್ಸಿ ಬೆಳಿಗ್ಗೆ ಆರಕ್ಕೆ ಗರಗರ ಎಂದರೆ ಯಾರೂ ಚಕಾರ ಎತ್ತುವುದಿಲ್ಲ, ಏಕೆಂದರೆ ಅದರಿಂದ ಚಟ್ನಿ ಆಗುತ್ತದೆ. ಉಪಯೋಗದ ಸದ್ದಿಗೆ ಕ್ಷಮೆಯಿದೆ, ಬರೀ ಸಂತೋಷದ ಸದ್ದಿಗೆ ಇಲ್ಲ. ಇದು ಅನ್ಯಾಯ ಎಂದು ವಾದಿಸಬಹುದು. ಆದರೆ ಎದುರು ಮನೆಯ ಹುಡುಗ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಗ ನನ್ನ ವಾದ ಅವನ ತಲೆಗೆ ಇಳಿಯುವ ಪಾಠವೇನಲ್ಲವಷ್ಟೆ. ಸದ್ದಡಗಿಸುವ ಮ್ಯೂಟ್ ಸಿಗುತ್ತದೆ, ಬಾಯಿಗೆ ಬಿರಡೆಯ ಹಾಗೆ ಸಿಕ್ಕಿಸುವಂಥದ್ದು. 1995ರಲ್ಲಿ ಯಮಾಹಾದವರು ಮ್ಯೂಟಿನೊಳಗೆ ಮೈಕ್ ಇಟ್ಟು, ನುಡಿಸುವವರಿಗೆ ಮಾತ್ರ ಹೆಡ್‌ಫೋನಿನಲ್ಲಿ ಕೇಳಿಸುವ ಏರ್ಪಾಡನ್ನೂ ತಂದರು. ಅನುಕೂಲವೇನೋ ಸರಿ. ಆದರೆ ಉಸಿರಿಗೆ ಅಡ್ಡಗಟ್ಟಿದಂತಾಗಿ ಶ್ರುತಿ ಆಚೀಚೆಯಾಗುತ್ತದೆ. ಸದಾ ಅದರಲ್ಲೇ ಊದಿದರೆ ತೆರೆದ ದನಿಯ ಅಂದಾಜೇ ತಪ್ಪುತ್ತದೆ. ಹಾಗಾಗಿ ಬೀದಿಯ ನಾಲ್ಕು ಮನೆಗೂ ಹೋಗಿ ಹೊತ್ತು ಗೊತ್ತು ಮಾಡಿಕೊಂಡೆ. ಸಂಜೆ ಐದೂವರೆಯಿಂದ ಆರು. ಮಾರ್ಚ್ ತಿಂಗಳು ಪೂರ್ತಿ ಮ್ಯೂಟ್. ಯಾರ ಮನೆಯಲ್ಲಾದರೂ ಕಾಯಿಲೆ, ಸಾವು ಎಂದರೆ ಅದೂ ಇಲ್ಲ.

ಎರಡನೆಯದು ಮನೆಯ ಅರ್ಧ ಗಂಟೆ. ಆ ಹೊತ್ತಿನಲ್ಲಿ ಹಾಲು ಕಾಯಿಸುವವರು ಯಾರು? ನಮ್ಮವರು ಇಪ್ಪತ್ತು ವರ್ಷದಿಂದ ಶಟಲ್ ಆಡಲು ಹೋಗುತ್ತಿದ್ದಾರೆ. ಅವರ ಬೂಟು, ಬನಿಯನ್ನು, ಬಂದ ಮೇಲಿನ ಕಾಫಿ ಯಾವುದನ್ನೂ ನಾವು ಲೆಕ್ಕಕ್ಕೆ ಬರೆದವರಲ್ಲ. ಗಂಡಸರ ಹವ್ಯಾಸದ ಬೆಲೆಯನ್ನು ಹೆಂಗಸರು ಸದ್ದಿಲ್ಲದೆ ತೆರುತ್ತೇವೆ. ತೆರುತ್ತಿದ್ದೇವೆಂಬುದು ನಮಗೂ ಗೊತ್ತಿರುವುದಿಲ್ಲ, ಅವರಿಗಂತೂ ಇಲ್ಲವೇ ಇಲ್ಲ. ಆದರೆ "ಅವರು ತೆಗೆದುಕೊಂಡರು, ನಾನೂ ತೆಗೆದುಕೊಳ್ಳುತ್ತೇನೆ" ಎನ್ನುವುದು ನನಗೆ ಪೂರ್ತಿ ಸರಿಯಾಗಿ ಕಾಣಲಿಲ್ಲ. ಕೇಳಿ ಪಡೆದೆ. "ಐದೂವರೆಯ ಹಾಲು ನಿಮ್ಮದು" ಎಂದೆ. ಮೊದಲ ತಿಂಗಳು ನಾಲ್ಕು ಸಲ ಉಕ್ಕಿತು. ಈಗ ಉಕ್ಕುವುದಿಲ್ಲ.

ಮೂರನೆಯ ಬಾಕಿ ಎಲ್ಲಕ್ಕಿಂತ ದೊಡ್ಡದು. ಅದು ನನ್ನ ಕಣ್ಣಿಗೆ ಬಿದ್ದದ್ದು ಕಛೇರಿಗಳು ಶುರುವಾದ ಮೇಲೆ. ಕಛೇರಿ ಎಂದರೆ ದೊಡ್ಡ ಮಾತು. ಬ್ಯಾಂಕಿನವರೊಬ್ಬರು ಕ್ಲ್ಯಾರಿನೆಟ್, ಇಬ್ಬರು ಡ್ರಮ್, ಇನ್ನೊಬ್ಬರು ಕೀಬೋರ್ಡ್, ನಾನು, ಹೀಗೆ ಐದು ಜನ ಸೇರಿ ಶಾಲೆಯ ಆಗಸ್ಟ್ ಹದಿನೈದಕ್ಕೆ, ವೃದ್ಧಾಶ್ರಮಕ್ಕೆ ಹೋಗಿ ಹಳೆಯ ಸಿನಿಮಾ ಹಾಡು ನುಡಿಸುತ್ತೇವೆ. 2016ರಲ್ಲಿ ನಮ್ಮ ಬಡಾವಣೆಯ ರಾಜ್ಯೋತ್ಸವದ ಮೆರವಣಿಗೆಗೆ ಕರೆ ಬಂತು. ಕಾರ್ಯದರ್ಶಿಗಳು ಸಂಭ್ರಮದಿಂದ ಹೇಳಿದರು: "ಈ ಸಲ ಬ್ಯಾಂಡ್‌ಸೆಟ್ ಬೇಡ ಅಂತ ತೀರ್ಮಾನ ಮಾಡಿದ್ದೀವಿ ಮೇಡಂ. 12,000 ಉಳೀತು. ನೀವೇ ಇದ್ದೀರಲ್ಲ!"

ಆ ಹನ್ನೆರಡು ಸಾವಿರ ಎಂಟು ಜನರ ಸಂಪಾದನೆ. ಬ್ಯಾಂಡ್‌ನವರಿಗೆ ಕೆಲಸವಿರುವುದು ಲಗ್ನದ ತಿಂಗಳುಗಳಲ್ಲಿ, ಹಬ್ಬಗಳಲ್ಲಿ. ಆಷಾಢ, ಪಿತೃಪಕ್ಷ ಬಂದರೆ ವಾದ್ಯ ಗೋಡೆಗೆ ತೂಗುತ್ತದೆ. ನನಗೆ ತುಟಿ ನೊಂದರೆ ಕೆಳಗಿಡಬಹುದು. ಅವರು ತುಟಿ ಒಡೆದರೂ ದಿಬ್ಬಣ ಛತ್ರ ಮುಟ್ಟುವ ತನಕ ಊದಬೇಕು. ಮದುವೆ ಮನೆಯಲ್ಲಿ ಅವರ ಊಟ ಕೊನೆಯ ಪಂಕ್ತಿಗೆ. ನಾನು ಅದೇ ವಾದ್ಯ ಹಿಡಿದು ನಿಂತರೆ "ಎಷ್ಟು ಧೈರ್ಯ ನಿಮಗೆ!" ಎಂದು ಶಾಲು ಹೊದಿಸುತ್ತಾರೆ. ಅವರಿಗಿಂತ ಎಷ್ಟೋ ಕೆಟ್ಟದಾಗಿ ನುಡಿಸುವವಳಿಗೆ ಶಾಲು, ಪುಕ್ಕಟೆಯಾಗಿ ನುಡಿಸುವುದಕ್ಕೇ ಮರ್ಯಾದೆ!

"ಕಲೆಗೆ ಬೆಲೆ ಕಟ್ಟಬಾರದು ಮೇಡಂ" ಎಂದರು ಕಾರ್ಯದರ್ಶಿಗಳು. ಶಾಮಿಯಾನದವರಿಗೆ, ಅಡಿಗೆಯವರಿಗೆ, ಫೋಟೋದವರಿಗೆ ಕಟ್ಟಿದ್ದೀರಲ್ಲ ಎಂದು ಕೇಳಿದೆ. ಬ್ಯಾಂಡ್‌ಸೆಟ್ಟನ್ನೇ ಕರೆಯಿರಿ, ನಾನು ಅವರ ಸಾಲಿನಲ್ಲಿ ಒಬ್ಬಳಾಗಿ ನಿಲ್ಲುತ್ತೇನೆ, ಇಲ್ಲವಾದರೆ ನಾನೂ ಬರುವುದಿಲ್ಲ ಎಂದೆ. ಅವರಿಗೆ ಇರುಸುಮುರುಸಾಯಿತು, ಆದರೂ ಕರೆದರು. ಬ್ಯಾಂಡ್ ಮೇಷ್ಟ್ರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬನ್ನಿ ಅಮ್ಮಾ, ಕೊನೇಲಿ ನಿಂತ್ಕೊಳ್ಳಿ. ಮೇಲಿನ ಸ್ವರ ನಮಗೆ ಬಿಡಿ" ಎಂದರು. ನ್ಯಾಯವಾದ ಮಾತು.

ಇದಕ್ಕೆ ಎದುರು ವಾದವೂ ಉಂಟು. ನಮ್ಮ ಕ್ಲ್ಯಾರಿನೆಟ್‌ನವರು ಕೇಳಿದರು: "ಹೀಗೆ ಎಲ್ಲವನ್ನೂ ತೂಗಿದರೆ ಸಂತೋಷ ಎಲ್ಲಿ ಉಳಿಯುತ್ತೆ ಅಮ್ಮ? ಬಡ ಶಾಲೆಯವರು ಬ್ಯಾಂಡ್ ಕರೆಸೋಕಾಗುತ್ತಾ?" ಅದೂ ನಿಜವೇ. ದುಡ್ಡು ಕೊಡಲಾಗದ ಕಡೆ ಹವ್ಯಾಸಿ ಹೋಗಬೇಕು. ಕೊಡಬಲ್ಲವರು ಉಳಿಸಿಕೊಳ್ಳಲೆಂದು ಕರೆದ ಕಡೆ ಹೋಗಬಾರದು. ಗೆರೆ ಪ್ರತಿ ಸಲವೂ ಸ್ಪಷ್ಟವಾಗಿರುವುದಿಲ್ಲ. ಕೇಳಿ ತಿಳಿಯಬೇಕು: "ಹೋದ ವರ್ಷ ಯಾರನ್ನು ಕರೆದಿದ್ದಿರಿ?" ಈ ಒಂದು ಪ್ರಶ್ನೆಗೆ ಸಂತೋಷವೇನೂ ಕಡಿಮೆಯಾಗಿಲ್ಲ.

ಹವ್ಯಾಸಿಗೆ ಇಂಗ್ಲಿಷಿನಲ್ಲಿ ಅಮೆಚೂರ್ ಎನ್ನುತ್ತಾರೆ. ಆ ಮಾತಿನ ಲ್ಯಾಟಿನ್ ಬೇರಿಗೆ ಪ್ರೀತಿಸುವುದು ಎಂದರ್ಥ. ಪ್ರೀತಿಯಿಂದ ಮಾಡುವುದೆಂದರೆ ಲೆಕ್ಕವಿಲ್ಲದೆ ಮಾಡುವುದು ಎಂದು ನಾವು ತಿಳಿದಿದ್ದೇವೆ. ಆದರೆ ಮನೆ ನಡೆಸಿದ ನಮಗೆ ಗೊತ್ತಿಲ್ಲವೇ, ನಮ್ಮ ಅಮ್ಮಂದಿರು ಪ್ರೀತಿಯಿಂದಲೇ ಬಡಿಸಿದರು, ಜೊತೆಗೆ ಡಬ್ಬಿಯಲ್ಲಿ ಅಕ್ಕಿ ಎಷ್ಟಿದೆ, ಯಾರು ಇನ್ನೂ ಉಂಡಿಲ್ಲ ಎಂಬ ಲೆಕ್ಕವನ್ನೂ ಇಟ್ಟರು. ಹಾಗೆಂದು ನೀವು ನಿಮ್ಮ ವೀಣೆಯನ್ನೋ ಚಿತ್ರಕಲೆಯನ್ನೋ ಅಟ್ಟಕ್ಕೆ ಹಾಕಬೇಕಿಲ್ಲ. ಬಾಕಿ ಇದೆ ಎಂದ ಮಾತ್ರಕ್ಕೆ ಯಾರೂ ಊಟ ಬಿಡುವುದಿಲ್ಲ.

ನನ್ನ ಹಳೆಯ ಮೇಷ್ಟ್ರು ಮಗನ ಮನೆಗೆಂದು ಹುಬ್ಬಳ್ಳಿಗೆ ಹೋದರು. ಈಗ ಆ ಬ್ಯಾಂಡ್ ಮೇಷ್ಟ್ರೇ ಪಾಠ ಹೇಳುತ್ತಾರೆ, ಆಷಾಢದಲ್ಲಿ, ಅವರಿಗೆ ಕೆಲಸವಿಲ್ಲದ ತಿಂಗಳಲ್ಲಿ. ಮೊದಮೊದಲು "ನಿಮ್ಮ ಹತ್ರ ಏನು ತಗೊಳ್ಳೋದು ಅಮ್ಮಾ" ಎಂದರು. ನಾನು ಬಿಡಲಿಲ್ಲ. ತಾಂಬೂಲದ ತಟ್ಟೆಯಲ್ಲಿ ಇಟ್ಟ ಫೀಸನ್ನು ಅವರೀಗ ನನ್ನೆದುರೇ ಎಣಿಸಿ ಜೇಬಿಗೆ ಹಾಕಿಕೊಂಡು, "ಹೂಂ, ಮೇಲಿನ ಷಡ್ಜ ಹಿಡೀರಿ, ಈ ವರ್ಷಾನಾದ್ರೂ ಬರುತ್ತಾ ನೋಡೋಣ" ಎನ್ನುತ್ತಾರೆ.