ಅಜ್ಜ-ಅಜ್ಜಿಯ ಫೋನು ಮತ್ತು ಸೇವಾಧರ್ಮ

ಅಜ್ಜ-ಅಜ್ಜಿಗೆ ಕೊಡಿಸುವ ಸ್ಮಾರ್ಟ್‌ಫೋನ್ ಸರಳವಾಗಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆ ಸರಳತೆ ಯಾರ ಅನುಕೂಲಕ್ಕೆ ಎಂದು ಕೇಳಿದಾಗ ಮಾತ್ರ ವಿಷಯ ಧರ್ಮದ ಕಡೆಗೆ ಹೊರಳುತ್ತದೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ತಾಯಿತಂದೆಯರನ್ನು ದೇವರೆಂದು ಕಾಣಲು ಹೇಳಿದ್ದು ಎಲ್ಲರಿಗೂ ಗೊತ್ತು. ಕೊಡುವುದು ಹೇಗೆಂದೂ ಅದೇ ಭಾಗದಲ್ಲಿದೆ: ಶ್ರದ್ಧೆಯಿಂದ, ಸಂಕೋಚದಿಂದ, ತಿಳಿವಳಿಕೆಯಿಂದ ಕೊಡಬೇಕು.

ಈ ತಿಳಿವಳಿಕೆ ಹಿರಿಯರ ಬೆರಳಿನಿಂದಲೇ ಶುರುವಾಗಬೇಕು. ವಯಸ್ಸಾದಂತೆ ಬೆರಳ ತುದಿ ಒಣಗುತ್ತದೆ. ಒಣ ಬೆರಳು ಮುಟ್ಟಿದರೆ ಪರದೆ ಕೆಲವೊಮ್ಮೆ ಸ್ಪಂದಿಸುವುದಿಲ್ಲ. ಆಗ ಅಜ್ಜಿ ಇನ್ನಷ್ಟು ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ಐಕಾನ್ ಕದಲಿ ಎಲ್ಲೋ ಹೋಗುತ್ತದೆ. ವಾಟ್ಸ್‌ಆ್ಯಪ್ ಇದ್ದ ಜಾಗದಲ್ಲಿ ಇರುವುದಿಲ್ಲ. ತಾನೇ ಏನೋ ಹಾಳು ಮಾಡಿದೆ ಎಂಬ ಅಳುಕಿನಿಂದ ಅವರು ಫೋನನ್ನು ಬೀರುವಿನಲ್ಲಿಟ್ಟುಬಿಡುತ್ತಾರೆ. ಹಲವು ಫೋನುಗಳಲ್ಲಿ ಐಕಾನ್‌ಗಳು ಕದಲದಂತೆ ಲಾಕ್ ಮಾಡಬಹುದು. ಪರದೆಯ ಕೆಳಗೆ ಮೂರು ಬಟನ್ ಉಳಿಸಿ, ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರ ದೊಡ್ಡದು ಮಾಡಿದರೆ ಅರ್ಧ ಕಷ್ಟ ಕಳೆಯಿತು. ದುಬಾರಿ ಕ್ಯಾಮೆರಾಕ್ಕಿಂತ ಜೋರಾದ ಸ್ಪೀಕರ್ ಮತ್ತು ಬಾಳಿಕೆಯ ಬ್ಯಾಟರಿ ಅವರಿಗೆ ಮುಖ್ಯ.

ಮುಪ್ಪಿನಲ್ಲಿ ಫೋನಿನ ಮೋಹವೇಕೆ ಎಂಬ ಆಕ್ಷೇಪವೂ ಉಂಟು. ಮೈ ಸುಕ್ಕುಗಟ್ಟಿ, ಕೂದಲು ನೆರೆತು, ಮೊಮ್ಮಕ್ಕಳನ್ನು ಕಂಡ ಗೃಹಸ್ಥ ಕಾಡಿಗೆ ಹೊರಡಲೆಂದು ಮನುಸ್ಮೃತಿ ವಿಧಿಸುತ್ತದೆ. ಆದರೆ ಅಲ್ಲಿ ಹೊರಡುವವನು ತಾನಾಗಿ ಹೊರಡುತ್ತಾನೆ. ಅಜ್ಜಿಯ ವೈರಾಗ್ಯವನ್ನು ಮೊಮ್ಮಗ ನಿರ್ಧರಿಸಲು ಬರುವುದಿಲ್ಲ. ಭಜನೆ ಕೇಳಬೇಕೋ, ಧಾರಾವಾಹಿ ನೋಡಬೇಕೋ, ದೂರದೂರಿನ ತಂಗಿಯ ಜೊತೆ ಗಂಟೆಗಟ್ಟಲೆ ಹರಟಬೇಕೋ ಎಂಬುದು ಅವರಿಗೆ ಬಿಟ್ಟದ್ದು.

ಇನ್ನೂ ಕಠಿಣವಾದದ್ದು ರಕ್ಷಣೆಯ ಪ್ರಶ್ನೆ. ಒಟಿಪಿ ಕೇಳಿ ಹಣ ಲಪಟಾಯಿಸುವವರ ಭಯ ನಿಜವಾದದ್ದೇ. ಹಾಗೆಂದು ಯುಪಿಐ ಪಿನ್ ಮೊಮ್ಮಗನೇ ಇಟ್ಟುಕೊಂಡರೆ, ಅವರಿಗೆ ಹೇಳದೆ ಲೊಕೇಶನ್ ಟ್ರ್ಯಾಕಿಂಗ್ ಹಾಕಿಟ್ಟರೆ, ಅದು ಸೇವೆಯ ಹೆಸರಿನ ಯಜಮಾನಿಕೆ. ಅಪಾಯವನ್ನು ವಿವರಿಸಿ, ಖಾತೆಯಲ್ಲಿ ಸ್ವಲ್ಪವೇ ಹಣವಿಟ್ಟು, ತುರ್ತಿಗೆ 112, ಸೈಬರ್ ವಂಚನೆಗೆ 1930 ಎಂದು ನಂಬರ್ ಉಳಿಸಿಕೊಡುವುದು ಸೇವೆ. ಇದಕ್ಕೆ ತಾಳ್ಮೆ ಹೆಚ್ಚು ಬೇಕು. ಒಂದೇ ವಿಷಯವನ್ನು ಹತ್ತು ಸಲ ಬೇಸರಿಸದೆ ಹೇಳಿಕೊಡಬೇಕು. ಫೋನಿನ ಬೆಲೆಗಿಂತ ದೊಡ್ಡ ಕೊಡುಗೆ ಅದೇ.

ಆದ್ದರಿಂದ ಅಂಗಡಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಬೇಕು. ಫೋನನ್ನು ಅವರ ಕೈಗೆ ಕೊಟ್ಟು, ಅವರು ಬೇಡವೆಂದರೆ ಕೊಳ್ಳದೆ ಬರಬೇಕು.