ತಪ್ಪು ಡ್ರೈವರ್‌ದೇ, ಆದ್ರೆ?

2014ರ ಅಕ್ಟೋಬರ್ 5, ಜಪಾನಿನ ಸುಜುಕಾ ಟ್ರ್ಯಾಕ್. ಮಳೆ. ಹಿಂದಿನ ಸುತ್ತಿನಲ್ಲಿ ಜಾರಿ ಹೊರಗೆ ಬಿದ್ದಿದ್ದ ಒಂದು ಕಾರನ್ನು ಎತ್ತೋಕೆ ಕ್ರೇನ್ ಬಂದು ನಿಂತಿತ್ತು, ಹಳದಿ ಬಾವುಟಗಳನ್ನು ಬೀಸುತ್ತಿದ್ದರು. ಜೂಲ್ಸ್ ಬಿಯಾಂಕಿ ಅನ್ನೋ 25 ವರ್ಷದ ಫಾರ್ಮುಲಾ ಒನ್ ಡ್ರೈವರ್ ಅದೇ ಜಾಗದಲ್ಲಿ ಜಾರಿ, ಆ ಕ್ರೇನಿಗೇ ಗುದ್ದಿದ. ತಲೆಗೆ ಬಿದ್ದ ಪೆಟ್ಟಿನಿಂದ ಮತ್ತೆ ಪ್ರಜ್ಞೆ ಬರಲಿಲ್ಲ. 2015ರ ಜುಲೈ 17ರಂದು ತೀರಿಕೊಂಡ.

ತನಿಖಾ ತಂಡ ಬರೆದದ್ದು ಏನು ಗೊತ್ತಾ? ಬಾವುಟ ಇದ್ದರೂ ಅವನು ಸಾಕಷ್ಟು ವೇಗ ಇಳಿಸಿರಲಿಲ್ಲ ಅಂತ. ಅಂದರೆ ತಪ್ಪಿನ ಒಂದು ಪಾಲು ಅವನದೇ. ನಮ್ಮಲ್ಲಾಗಿದ್ದರೆ ಫೈಲು ಅಲ್ಲಿಗೇ ಮುಚ್ಚುತ್ತಿತ್ತು. ಅಲ್ಲಿ ಮುಚ್ಚಲಿಲ್ಲ. ಬಾವುಟ ಕಂಡಾಗ ಎಷ್ಟು ನಿಧಾನವಾಗಬೇಕು ಅನ್ನೋದನ್ನು ಡ್ರೈವರನ ವಿವೇಚನೆಗೇ ಬಿಟ್ಟದ್ದು ಸರಿಯಾ ಅಂತ ಕೇಳಿಕೊಂಡರು. 2015ರಿಂದ ವರ್ಚುವಲ್ ಸೇಫ್ಟಿ ಕಾರ್ ಬಂತು: ಅಪಾಯ ಇದ್ದಾಗ ಎಲ್ಲಾ ಕಾರುಗಳೂ ಕಡ್ಡಾಯವಾಗಿ ನಿಧಾನಿಸಬೇಕು. 2018ರಲ್ಲಿ ಹೇಲೋ ಬಂತು, ಡ್ರೈವರನ ತಲೆಯ ಸುತ್ತ ಟೈಟಾನಿಯಂ ಚೌಕಟ್ಟು. ಅದರ ಅಂದಕ್ಕೆ ಎಲ್ಲರೂ ಬೈದವರೇ. ಗರಗಸ ಕೊಟ್ಟರೆ ಕುಯ್ದು ಬಿಸಾಡ್ತೀನಿ ಅನ್ನೋ ಅರ್ಥದಲ್ಲಿ ಮರ್ಸಿಡಿಸ್ ತಂಡದ ಮುಖ್ಯಸ್ಥರೇ ಮಾತಾಡಿದ್ದರು. ರೊಮೇನ್ ಗ್ರೋಜಾನ್ ಕೂಡ ಹೇಲೋ ಬೇಡ ಅಂದವರಲ್ಲಿ ಒಬ್ಬ.

2020ರ ನವೆಂಬರ್ 29ರಂದು ಬಹ್ರೇನ್ ರೇಸಿನ ಮೊದಲ ಸುತ್ತಿನಲ್ಲಿ ಇದೇ ಗ್ರೋಜಾನ್ ಬಲಕ್ಕೆ ಎಳೆದುಕೊಂಡು ಹೋಗಿ ಇನ್ನೊಂದು ಕಾರಿಗೆ ತಾಗಿದ. ತಡೆಗೋಡೆ ಸೀಳಿತು, ಕಾರು ಎರಡು ತುಂಡಾಯಿತು, ಬೆಂಕಿ ಹತ್ತಿತು. ಅರ್ಧ ನಿಮಿಷದ ಒಳಗೆ ಅವನು ಆ ಬೆಂಕಿಯಿಂದ ಎದ್ದು ಬಂದ. ಕೈ ಸುಟ್ಟಿತ್ತು, ತಲೆ ಉಳಿದಿತ್ತು. ಆ ತಿರುವಿನಲ್ಲಿ ತಪ್ಪು ಯಾರದು ಅಂತ ಕೇಳಿದರೆ, ನನ್ನ ಕಣ್ಣಿಗೆ ಅವನದೇ. ಆದರೂ ಅವನು ಬದುಕಿದ್ದಾನೆ, ಮಕ್ಕಳ ಜೊತೆ ಇದ್ದಾನೆ. ತಪ್ಪು ಮಾಡಿದವನು ಬದುಕಿದ್ದರಲ್ಲಿ ಅನ್ಯಾಯ ಏನಾದರೂ ಇದೆಯಾ?

ರೇಸ್ ನೋಡುವಾಗ ಇದೆಂಥಾ ಪ್ರಶ್ನೆ ಅನ್ನಿಸುತ್ತೆ. ಆದರೆ ನಮ್ಮ ಕಡೆಯ ರಸ್ತೆಗಳ ಸುದ್ದಿ ಓದುವಾಗ ನಾವು ಉಲ್ಟಾ ಉತ್ತರ ಕೊಡ್ತೀವಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಠಾಣೆಯಲ್ಲಾದರೂ ನೋಡಿ, ವಾಕ್ಯ ಒಂದೇ: ‘ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿ’. ಐಪಿಸಿ 279, 304(ಎ) ಇದ್ದ ಕಾಲದಿಂದಲೂ ಇದೇ ಪಾಠ. ಸೆಕ್ಷನ್ ನಂಬರು ಬದಲಾದರೂ ವಾಕ್ಯ ಬದಲಾಗಿಲ್ಲ. ಡ್ರೈವರ್ ಸತ್ತಿದ್ದರಂತೂ ಕೇಸೂ ಸಲೀಸು. ಕಟ್ಟೆಯ ಮೇಲೆ ಕೂತವರ ತೀರ್ಪು ಇನ್ನೂ ಚಿಕ್ಕದು: ‘ಹಂಗ ಹೊಡದ್ರ ಇನ್ನೇನಾಗ್ತತಿ?’

2023ರ ಅಕ್ಟೋಬರ್ 9ರಂದು ಹೊಸಪೇಟೆ ಹತ್ತಿರ ಟಿಪ್ಪರುಗಳ ನಡುವೆ ಸಿಕ್ಕ ಒಂದು ಕ್ರೂಸರಿನಲ್ಲಿ ಏಳು ಜನ ಸತ್ತರು. ಹರಪನಹಳ್ಳಿ ತಾಲೂಕಿನ ಕೂಲಹಳ್ಳಿ ಗೋಣಿಬಸವೇಶ್ವರನ ದರ್ಶನ ಮುಗಿಸಿ ಊರಿಗೆ ಹೊರಟವರು. ಟಿಪ್ಪರಿನ ಆಕ್ಸೆಲ್ ತುಂಡಾಗಿತ್ತು ಅಂತ ಆವತ್ತು ಸುದ್ದಿ. ಆಕ್ಸೆಲ್ ಅತಿವೇಗದಿಂದಲೂ ಮುರಿಯಬಹುದು. ಹೆಚ್ಚು ಲೋಡಿನಿಂದ, ಗುಂಡಿಯಿಂದ, ಗ್ಯಾರೇಜಿಗೆ ಬಿಡದೆ ಟ್ರಿಪ್ ಮೇಲೆ ಟ್ರಿಪ್ ಹೊಡೆಸಿದ್ದರಿಂದಲೂ ಮುರಿಯಬಹುದು. ಸ್ಟೇರಿಂಗ್ ಹಿಡಿದವನ ಹೆಸರು ಸಿಕ್ಕ ಕೂಡಲೇ ಉಳಿದ ಪ್ರಶ್ನೆಗಳ ಆಯುಷ್ಯ ಮುಗೀತದೆ ನೋಡಿ, ನನ್ನ ತಕರಾರು ಅದು.

ಸ್ಟೇರಿಂಗೇ ಇಲ್ಲದ ವಾಹನವೂ ನಮ್ಮಲ್ಲಿದೆ. 2017ರ ಫೆಬ್ರುವರಿ 21ರಂದು ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು ಎಳೆಯುವಾಗಲೇ ಅಚ್ಚು ಮುರಿದು ಉರುಳಿತು. ಅಷ್ಟೆತ್ತರದ ತೇರು, ಸುತ್ತ ಅಷ್ಟು ಜನ, ಹಲವರಿಗೆ ಗಾಯವಾಯಿತು. ತೇರು ಉರುಳಿದರೆ ನಮ್ಮ ಬಾಯಿಗೆ ಮೊದಲು ಬರೋದು ಅಪಶಕುನ. ಅದೂ ಒಂಥರಾ ‘ಅಜಾಗರೂಕತೆ’ಯಂಥದೇ ಪದ. ಅಚ್ಚಿನ ಮರವನ್ನು ಬಗ್ಗಿ ನೋಡೋ ಕೆಲಸ ಎರಡರಿಂದಲೂ ತಪ್ಪುತ್ತೆ.

ಗೆಳೆಯರು ಇದಕ್ಕೆ ಎರಡು ಮಾತು ಹೇಳ್ತಾರೆ. ಫಾರ್ಮುಲಾ ಒನ್‌ನಲ್ಲಿ ದುಡ್ಡಿದೆ, ಅದಕ್ಕೇ ಅಷ್ಟೆಲ್ಲಾ ಕಾಳಜಿ ಅನ್ನೋದು ಮೊದಲನೆಯದು. ಅಷ್ಟು ಸರಳವಲ್ಲ. 1966ರಲ್ಲಿ ಸ್ಪಾ ರೇಸಿನಲ್ಲಿ ಜಾಕಿ ಸ್ಟೀವರ್ಟ್ ಪೆಟ್ರೋಲಿನಲ್ಲಿ ನೆನೆಯುತ್ತಾ ಕಾರಿನೊಳಗೆ ಸಿಕ್ಕಿಹಾಕಿಕೊಂಡಾಗ, ಸ್ಟೇರಿಂಗ್ ಬಿಚ್ಚೋಕೆ ಜೊತೆ ಡ್ರೈವರುಗಳು ನೋಡೋಕೆ ಬಂದವರ ಹತ್ತಿರ ಸ್ಪ್ಯಾನರ್ ಕೇಳಿ ತರಬೇಕಾಯಿತು. ಆಮೇಲೆ ಸುರಕ್ಷತೆ ಅಂತ ಅವನು ಓಡಾಡಿದಾಗ, ಆಟದ ಮಜಾ ಹಾಳು ಮಾಡ್ತಿದ್ದಾನೆ ಅಂತ ಬೈದವರೂ ಇದ್ದರು. ಕಾರಿನಲ್ಲೊಂದು ಸ್ಪ್ಯಾನರ್ ಇಡೋಕೆ ಎಷ್ಟು ದುಡ್ಡು ಬೇಕು?

ಎರಡನೆಯದು ಗಟ್ಟಿ ಮಾತು. ತಪ್ಪಿಗೆ ಬೆಲೆಯೇ ಇಲ್ಲ ಅಂದರೆ ಯಾರು ನೆಟ್ಟಗೆ ಓಡಿಸ್ತಾರೆ? ಕುಡಿದು ಓಡಿಸೋನ ಮೇಲೆ ನನಗೂ ಕರುಣೆ ಸುಲಭಕ್ಕೆ ಹುಟ್ಟಲ್ಲ. ಅವನ ಲೈಸೆನ್ಸ್ ಕಿತ್ತುಕೊಳ್ಳಿ, ಜೈಲಿಗೆ ಹಾಕಿ. ಆದರೆ ಅದು ಕೋರ್ಟಿನ ಕೆಲಸ. ವಾದ ಕೇಳಿ, ತಪ್ಪು ಎಷ್ಟು ಅಂತ ತೂಗಿ, ತೂಕಕ್ಕೆ ತಕ್ಕ ಶಿಕ್ಷೆ ಕೊಡೋದು ಅಲ್ಲಿ. ಬ್ಯಾರಿಯರ್ ಇಲ್ಲದ ಸೇತುವೆ ತೂಗಲ್ಲ. ಕುಡಿದವನಿಗೂ, ಎರಡು ರಾತ್ರಿ ನಿದ್ದೆಗೆಟ್ಟು ಜೋಂಪು ಹತ್ತಿದವನಿಗೂ, ನಾಯಿ ಅಡ್ಡ ಬಂತೆಂದು ಎಳೆದವನಿಗೂ ಅದು ಕೊಡೋದು ಒಂದೇ ಶಿಕ್ಷೆ. ಹಿಂದಿನ ಸೀಟಿನಲ್ಲಿ ಮಲಗಿದ ಮಗುವಿಗೂ ಅದೇ.

2024ರ ಸೆಪ್ಟೆಂಬರಿನಲ್ಲಿ ಬಾಕು ನಗರದ ಫಾರ್ಮುಲಾ 2 ರೇಸಿನಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿಯ ಕಾರು ಶುರುವಿನಲ್ಲೇ ಆಫ್ ಆಗಿ ನಿಂತುಬಿಟ್ಟಿತು. ಹಿಂದಿನಿಂದ ಬಂದ ಎರಡು ಕಾರುಗಳು ಗುದ್ದಿ ಚೂರಾದವು. ಮೂವರೂ ಬಚಾವಾದರು. ನಿಂತ ವಾಹನಕ್ಕೆ ಹಿಂದಿನಿಂದ ಗುದ್ದೋದು ಅಂದರೇನು ಅಂತ ಕೂಡ್ಲಿಗಿ ಮೇಲಿನ ಹೈವೇಯಲ್ಲಿ ರಾತ್ರಿ ಬಸ್ಸಿಗೆ ಓಡಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಟ್ಟು ನಿಂತ ಲಾರಿಗೆ ಹಿಂದಿನ ದೀಪ ಇರಲ್ಲ. ಡ್ರೈವರ್ ಬೇವಿನ ಟೊಂಗೆ ಮುರಿದು ಹಿಂದೆ ಸಿಕ್ಕಿಸಿ, ರಸ್ತೆ ಮೇಲೆ ನಾಲ್ಕು ಕಲ್ಲು ಜೋಡಿಸಿರ್ತಾನೆ. ಪಾಪ, ಅವನ ಕೈಲಿರೋ ಹಳದಿ ಬಾವುಟ ಅದೇ. ಬೆಳಗಿನ ಜಾವಕ್ಕೆ ಮೆಕ್ಯಾನಿಕ್ ಬಂದು ರಿಪೇರಿ ಮಾಡ್ತಾನೆ, ಲಾರಿ ಹೊರಡುತ್ತೆ. ಕಲ್ಲು ಅಲ್ಲೇ ಉಳಿದಿರುತ್ತವೆ, ಹೊತ್ತು ಹುಟ್ಟೋಕೆ ಮುಂಚೆ ಸಂತೆಗೆ ಹೊರಟ ಬೈಕಿನವನಿಗೆ.